ಡೇಟಾಬೇಸ್ ಬಾಗಿಲಿಗೆ ಯಾವ ಬೀಗ? ಏಳು ಮಷಿನ್‌ಗಳ ಲೆಕ್ಕದಲ್ಲಿ ಒಂದು ಹೋಲಿಕೆ

ಪರಿಚಯದವರೊಬ್ಬರ ಆಫೀಸಿಗೆ ಹೋಗಿದ್ದೆ. ಪೋಸ್ಟ್‌ಗ್ರೆಸ್ ಎಂಬ ಡೇಟಾಬೇಸ್ ಸಾಫ್ಟ್‌ವೇರ್ ಓಡುವ ಸರ್ವರ್ ಯಾಕೋ ನಿಧಾನ ಆಗಿದೆ, ಒಮ್ಮೆ ನೋಡಿ ಅಂದಿದ್ದರು. ಲಾಗ್ ಫೈಲ್ ತೆರೆದೆ. ಸ್ಕ್ರೀನ್ ತುಂಬ ಒಂದೇ ಮಾತು: ‘ಪೋಸ್ಟ್‌ಗ್ರೆಸ್’ ಯೂಸರ್‌ಗೆ ಪಾಸ್‌ವರ್ಡ್ ತಪ್ಪು, ಪಾಸ್‌ವರ್ಡ್ ತಪ್ಪು, ಪಾಸ್‌ವರ್ಡ್ ತಪ್ಪು. ಸೆಕೆಂಡಿಗೆ ಮೂರು ನಾಲ್ಕು ಸಲ, ಹಗಲೂ ರಾತ್ರಿ. ಆಫೀಸಿನವರು ಯಾರೂ ಅಲ್ಲ. ಇಂಟರ್‌ನೆಟ್ಟಿನಲ್ಲಿ ತೆರೆದ ಬಾಗಿಲು ಹುಡುಕುತ್ತ ಅಲೆಯುವ ಬಾಟ್‌ಗಳು, ಅಂದರೆ ತಾವಾಗಿಯೇ ಓಡುವ ಪ್ರೋಗ್ರಾಮ್‌ಗಳು.

ಆ ಸರ್ವರ್ ಬಳಸುವ ಮಷಿನ್‌ಗಳು ಒಟ್ಟು ಏಳು. ಕೌಂಟರಿನಲ್ಲಿ ನಾಲ್ಕು ಬಿಲ್ಲಿಂಗ್ ಕಂಪ್ಯೂಟರ್. ಕ್ಲೌಡಿನಲ್ಲಿ ಒಂದು ವೆಬ್ ಸರ್ವರ್. ಮನೆಯಿಂದ ಲೆಕ್ಕ ನೋಡುವ ಅಕೌಂಟೆಂಟ್ ಮೇಡಂ ಲ್ಯಾಪ್‌ಟಾಪ್. ಸಾಫ್ಟ್‌ವೇರ್ ಬರೆದುಕೊಟ್ಟ ಹುಡುಗನ ಲ್ಯಾಪ್‌ಟಾಪ್. ಮೇಡಂಗೆ ಮನೆಯಿಂದ ಕನೆಕ್ಟ್ ಆಗಲಿಲ್ಲ ಅಂತ ಯಾರೋ ರೂಟರಿನಲ್ಲಿ 5432 ಪೋರ್ಟನ್ನು (ಪೋಸ್ಟ್‌ಗ್ರೆಸ್ ಮಾತು ಕೇಳುವ ಬಾಗಿಲ ನಂಬರ್) ಹೊರಗಿನಿಂದ ನೇರ ಸರ್ವರಿಗೆ ತಿರುಗಿಸಿದ್ದರು. ಆಮೇಲೆ ಪೋಸ್ಟ್‌ಗ್ರೆಸ್ಸಿನಲ್ಲಿ ‘ಎಲ್ಲ ಕಡೆಯಿಂದ ಯಾರು ಬೇಕಾದರೂ ಬರಲಿ’ ಎಂಬ ಸಾಲು. ಕೆಲಸ ಆಯಿತು, ಮರೆತರು.

ಇದನ್ನು ಮುಚ್ಚಲು ದಾರಿ ಒಂದಲ್ಲ, ಆರೇಳು ಇವೆ. ಯಾವುದು ಎಲ್ಲಿಗೆ ಸರಿ ಎಂಬುದನ್ನು ಇದೇ ಏಳು ಮಷಿನ್ ಇಟ್ಟುಕೊಂಡು ನೋಡೋಣ. ಉದಾಹರಣೆ ಪೋಸ್ಟ್‌ಗ್ರೆಸ್‌ನದು. ಮೈಎಸ್‌ಕ್ಯೂಎಲ್ ಎಂಬ ಇನ್ನೊಂದು ಡೇಟಾಬೇಸ್ ಬಳಸುವವರಿಗೂ ಬೇಕಾದ್ದು ಇದೆ.

ಮೊದಲ ಪ್ರಶ್ನೆ: ಹೊರಗಿನ ಮಾತು ಕೇಳಿಸಿಕೊಳ್ಳಲೇಬೇಕಾ?

ವೆಬ್ ಅಪ್ಲಿಕೇಶನ್ ಮತ್ತು ಡೇಟಾಬೇಸ್ ಎರಡೂ ಒಂದೇ ಮಷಿನ್‌ನಲ್ಲಿದ್ದರೆ ಮುಂದೆ ಓದುವುದೇ ಬೇಡ. ಪೋಸ್ಟ್‌ಗ್ರೆಸ್‌ನಲ್ಲಿ ‘ಲಿಸನ್ ಅಡ್ರೆಸಸ್’ ಎಂಬ ಸೆಟ್ಟಿಂಗ್ ಇದೆ. ಅದು ಮೊದಲಿಂದಲೂ ‘ಲೋಕಲ್‌ಹೋಸ್ಟ್’ (ಅದೇ ಮಷಿನ್) ಅಂತಲೇ ಇರುತ್ತದೆ. ಅಂದರೆ ಹೊರಗಿನಿಂದ ಯಾರು ಬಡಿದರೂ ಅಲ್ಲಿ ಬಾಗಿಲೇ ಇಲ್ಲ. ಅದನ್ನು ಹಾಗೇ ಬಿಡಿ. ಮೈಎಸ್‌ಕ್ಯೂಎಲ್‌ನಲ್ಲಿ ಇದೇ ಕೆಲಸಕ್ಕೆ ‘ಬೈಂಡ್ ಅಡ್ರೆಸ್’. ಆದರೆ ಒಂದು ವ್ಯತ್ಯಾಸ: ಅದು ಸ್ವಭಾವತಃ ಎಲ್ಲ ಅಡ್ರೆಸ್‌ಗಳಲ್ಲೂ ಕೇಳುತ್ತದೆ. ಉಬುಂಟು ಪ್ಯಾಕೇಜಿನಲ್ಲಿ ಹಾಕಿಕೊಂಡರೆ ಮಾತ್ರ ಅವರೇ 127.0.0.1, ಅಂದರೆ ಲೋಕಲ್‌ಹೋಸ್ಟ್, ಅಂತ ಬರೆದಿಟ್ಟಿರುತ್ತಾರೆ. ಬೇರೆ ರೀತಿಯಲ್ಲಿ ಹಾಕಿಕೊಂಡಿದ್ದರೆ ಸುಮ್ನೆ ನಂಬಬೇಡಿ, ತೆರೆದು ನೋಡಿ.

ಇಲ್ಲಿ ಜನ ತಪ್ಪು ತಿಳಿಯುವ ಜಾಗವೊಂದಿದೆ. ‘ಲಿಸನ್ ಅಡ್ರೆಸಸ್’ಗೆ ಕ್ಲೈಂಟಿನ, ಅಂದರೆ ಕನೆಕ್ಟ್ ಆಗುವ ಮಷಿನ್‌ನ, ಐಪಿ ಅಡ್ರೆಸ್ ಬರೆದರೆ ಆ ಕ್ಲೈಂಟ್ ಮಾತ್ರ ಬರಬಹುದು ಅಂದುಕೊಳ್ಳುತ್ತಾರೆ. ಅಲ್ಲ. ಅದು ಸರ್ವರಿನ ಸ್ವಂತ ಅಡ್ರೆಸ್ ಬರೆಯುವ ಜಾಗ. ಮನೆಗೆ ಮುಂಬಾಗಿಲು ಇರಬೇಕೋ, ಹಿತ್ತಿಲ ಬಾಗಿಲು ಸಾಕೋ ಅಂತ ಹೇಳುತ್ತದೆಯೇ ಹೊರತು, ಯಾರನ್ನು ಒಳಗೆ ಬಿಡಬೇಕು ಅಂತ ಅಲ್ಲ. ಇದನ್ನು ಬದಲಿಸಿದರೆ ಸರ್ವರ್ ಪೂರ್ತಿ ರೀಸ್ಟಾರ್ಟ್ ಆಗಬೇಕು ಎಂಬುದೂ ನೆನಪಿರಲಿ. ಮಧ್ಯಾಹ್ನ ಬಿಲ್ಲಿಂಗ್ ರಶ್ ಇರುವಾಗ ಮಾಡುವ ಕೆಲಸ ಅಲ್ಲ.

ಫೈರ್‌ವಾಲಾ, ಡೇಟಾಬೇಸಿನ ಸ್ವಂತ ಪಟ್ಟಿಯಾ?

ನಿಜವಾದ ಜಟಾಪಟಿ ಇರುವುದು ಇಲ್ಲೇ. ಫೈರ್‌ವಾಲ್ ಅಂದರೆ ನೆಟ್‌ವರ್ಕಿನಿಂದ ಬರುವ ಬೇಡದವರನ್ನು ತಡೆಯುವ ಕಾವಲು.

ಪೋಸ್ಟ್‌ಗ್ರೆಸ್ಸಿನ ಸ್ವಂತ ಪಟ್ಟಿಯ ಹೆಸರು ಪಿಜಿ ಎಚ್‌ಬಿಎ ಫೈಲ್. ಒಂದೊಂದು ಸಾಲಿನಲ್ಲಿ ಐದು ವಿಷಯ: ಯಾವ ಬಗೆಯ ಕನೆಕ್ಷನ್, ಯಾವ ಡೇಟಾಬೇಸ್, ಯಾವ ಯೂಸರ್, ಯಾವ ಅಡ್ರೆಸ್, ಯಾವ ಪರೀಕ್ಷೆ. ನಮ್ಮ ಮೊದಲ ಬಿಲ್ಲಿಂಗ್ ಕೌಂಟರಿನ ಸಾಲು ಹೀಗಿದೆ. ಓದಲು ಸುಲಭವಾಗಲಿ ಅಂತ ಕನ್ನಡದಲ್ಲಿ ಬರೆದಿದ್ದೇನೆ, ಫೈಲಿನಲ್ಲಿ ಇಂಗ್ಲಿಷ್ ಅಕ್ಷರಗಳೇ ಇರಬೇಕು:

ಹೋಸ್ಟ್ – ಅಂಗಡಿ – ಕೌಂಟರ್1 – 192.168.1.21/32 – ಸ್ಕ್ರಾಮ್-ಶಾ-256

ಕೌಂಟರ್1 ಎಂಬ ಯೂಸರ್, ಅಂಗಡಿ ಎಂಬ ಡೇಟಾಬೇಸಿಗೆ ಮಾತ್ರ, ಆ ಒಂದು ಮಷಿನ್‌ನಿಂದ ಮಾತ್ರ, ಪಾಸ್‌ವರ್ಡ್ ಕೊಟ್ಟು (ಸ್ಕ್ರಾಮ್ ಅಂದರೆ ಆ ಪಾಸ್‌ವರ್ಡ್ ಪರೀಕ್ಷೆ) ಬರಬಹುದು. ಕೊನೆಯ 32 ಅಂದರೆ ಒಂದೇ ಒಂದು ಅಡ್ರೆಸ್. ಅಲ್ಲಿ 24 ಅಂತ ಟೈಪಾದರೆ ಆ ನೆಟ್‌ವರ್ಕಿನ 256 ಅಡ್ರೆಸ್‌ಗಳಿಗೂ ಒಪ್ಪಿಗೆ ಕೊಟ್ಟಂತೆ. 0 ಅಂತಾದರೆ ಎಲ್ಲರಿಗೂ ಒಪ್ಪಿಗೆ, ಕತೆ ಮುಗಿಯಿತು.

ಈ ಫೈಲನ್ನು ಪೋಸ್ಟ್‌ಗ್ರೆಸ್ ಮೇಲಿನಿಂದ ಕೆಳಕ್ಕೆ ಓದುತ್ತದೆ. ಹೊಂದುವ ಮೊದಲ ಸಾಲು ಸಿಕ್ಕಿದ ಕೂಡಲೇ ನಿಲ್ಲುತ್ತದೆ. ಆ ಸಾಲಿನಲ್ಲಿ ಪಾಸ್‌ವರ್ಡ್ ತಪ್ಪಾದರೆ ಮುಂದಿನ ಸಾಲಿಗೆ ಹೋಗಿ ಇನ್ನೊಂದು ಅವಕಾಶ ಕೊಡುವುದಿಲ್ಲ. ಯಾವ ಸಾಲೂ ಹೊಂದದಿದ್ದರೆ ಪ್ರವೇಶ ಇಲ್ಲ. ಅದಕ್ಕೇ ಮೇಲೆ ‘ಎಲ್ಲರೂ ಬರಲಿ’ ಅಂತ ಬರೆದು, ಕೆಳಗೆ ‘ಇವನೊಬ್ಬ ಬೇಡ’ ಅಂತ ಬರೆದರೆ ಏನೂ ಪ್ರಯೋಜನ ಇಲ್ಲ. ಅವನು ಮೇಲಿನ ಸಾಲಿನಲ್ಲೇ ಒಳಗೆ ಹೋಗಿರುತ್ತಾನೆ.

ಮೈಎಸ್‌ಕ್ಯೂಎಲ್‌ನ ಲೆಕ್ಕವೇ ಬೇರೆ. ಅಲ್ಲಿ ಪ್ರತ್ಯೇಕ ಫೈಲ್ ಇಲ್ಲ, ಮಷಿನ್ ಅಡ್ರೆಸ್ ಯೂಸರ್ ಹೆಸರಿನ ಭಾಗವೇ ಆಗಿರುತ್ತದೆ. 192.168.1.21ರಿಂದ ಬರುವ ಕೌಂಟರ್1 ಒಬ್ಬ. ಎಲ್ಲಿಂದ ಬೇಕಾದರೂ ಬರುವ, ಅಂದರೆ ಶೇಕಡಾ ಚಿಹ್ನೆ ಹಾಕಿದ ಕೌಂಟರ್1 ಇನ್ನೊಬ್ಬ. ಇಬ್ಬರ ಪಾಸ್‌ವರ್ಡೂ ಬೇರೆ, ಅಧಿಕಾರವೂ ಬೇರೆ ಇರಬಹುದು. ಸಾಲಿನ ಕ್ರಮ ಇಲ್ಲಿ ಲೆಕ್ಕಕ್ಕಿಲ್ಲ, ಜಾಸ್ತಿ ಖಚಿತವಾದ ಅಡ್ರೆಸ್ಸನ್ನು ಮೊದಲು ನೋಡುತ್ತದೆ. ಹೊಸದಾಗಿ ಬಿಗಿಯಾದ ಯೂಸರ್ ಮಾಡಿ ಹಳೆಯ ಶೇಕಡಾ ಯೂಸರ್‌ನನ್ನು ಅಳಿಸಲು ಮರೆತರೆ, ಮುಂದಿನ ಬಾಗಿಲಿಗೆ ಬೀಗ ಹಾಕಿ ಹಿತ್ತಿಲ ಬಾಗಿಲು ತೆಗೆದಿಟ್ಟಂತೆ. ಯೂಸರ್ ಟೇಬಲ್‌ನಲ್ಲಿ ಹೆಸರು ಮತ್ತು ಹೋಸ್ಟ್ ಎರಡೂ ಕಾಲಂ ತೆಗೆದು ಒಮ್ಮೆ ಕಣ್ಣಾಡಿಸಿ. ಅಚ್ಚರಿ ಕಾದಿರಬಹುದು.

ಒರಾಕಲ್‌ನಲ್ಲಿ ಎಸ್‌ಕ್ಯೂಎಲ್‌ನೆಟ್ ಫೈಲಿನಲ್ಲಿ ‘ಇನ್ವೈಟೆಡ್ ನೋಡ್ಸ್’ ಪಟ್ಟಿ ಬರೆಯಬಹುದು. ಮೈಕ್ರೋಸಾಫ್ಟಿನ ಎಸ್‌ಕ್ಯೂಎಲ್ ಸರ್ವರ್ ಆದರೆ ವಿಂಡೋಸ್ ಫೈರ್‌ವಾಲೇ ಮುಖ್ಯ. ಲಾಗಾನ್ ಟ್ರಿಗರ್ (ಯಾರಾದರೂ ಒಳಗೆ ಬರುವಾಗ ತಾನೇ ಓಡುವ ಕೋಡ್) ಬರೆದು ತಡೆಯಬಹುದು, ಆದರೆ ಟ್ರಿಗರ್ ತಪ್ಪಿದರೆ ನೀವೇ ಹೊರಗೆ ಉಳಿಯುತ್ತೀರಿ.

ಸರಿ, ಇಷ್ಟು ಚೆನ್ನಾದ ಪಟ್ಟಿ ಡೇಟಾಬೇಸಿನೊಳಗೇ ಇರುವಾಗ ಫೈರ್‌ವಾಲ್ ಯಾಕೆ? ಒಂದೇ ಕಾರಣ ಸಾಕು. ಪಟ್ಟಿ ಓದುವುದು ಡೇಟಾಬೇಸ್ ಸಾಫ್ಟ್‌ವೇರ್. ಆ ಸಾಫ್ಟ್‌ವೇರಿನಲ್ಲೇ ತೂತಿದ್ದರೆ? 2013ರ ಏಪ್ರಿಲ್‌ನಲ್ಲಿ ಪೋಸ್ಟ್‌ಗ್ರೆಸ್ ತಂಡ ತರಾತುರಿಯಲ್ಲಿ ಒಂದು ತಿದ್ದುಪಡಿ ಹೊರಡಿಸಿತು. ಡೇಟಾಬೇಸಿನ ಹೆಸರು ಅಡ್ಡಗೆರೆಯಿಂದ ಶುರುವಾಗುವಂತೆ ಕನೆಕ್ಷನ್ ಕೇಳಿದರೆ ಸರ್ವರಿನ ಡೇಟಾ ಫೈಲುಗಳನ್ನೇ ಹಾಳು ಮಾಡಬಹುದಿತ್ತು. ಯೂಸರ್ ಹೆಸರು ಗೊತ್ತಿರಬೇಕಿಲ್ಲ, ಪಾಸ್‌ವರ್ಡ್ ಬೇಕಿಲ್ಲ, ಪೋರ್ಟ್ ತಲುಪಿದರೆ ಸಾಕು. ಅದಕ್ಕೂ ಹತ್ತು ವರ್ಷ ಮೊದಲು, 2003ರ ಜನವರಿ 25ರಂದು, ಸ್ಲ್ಯಾಮರ್ ಎಂಬ ಹುಳು ಎಸ್‌ಕ್ಯೂಎಲ್ ಸರ್ವರ್‌ಗಳಿಗೆ 1434 ಪೋರ್ಟಿನ ಮೂಲಕ ನುಗ್ಗಿತ್ತು. ಅದೂ ಪಾಸ್‌ವರ್ಡ್ ಕೇಳಲಿಲ್ಲ. ತಿದ್ದುಪಡಿ ಆರು ತಿಂಗಳ ಹಿಂದೆಯೇ ಬಂದಿತ್ತು, ಹಾಕಿಕೊಳ್ಳದವರು ಸಾವಿರಾರು. ಅವರಲ್ಲೂ ಆ ಪೋರ್ಟನ್ನು ಹೊರಗಡೆಯೇ ಮುಚ್ಚಿದ್ದವರಿಗೆ ಇಂಟರ್‌ನೆಟ್ಟಿನಿಂದ ನೇರ ಹೊಡೆತ ಬೀಳಲಿಲ್ಲ.

ಹಾಗಾದರೆ ಎಲ್ಲವನ್ನೂ ಫೈರ್‌ವಾಲಿನಲ್ಲೇ ಬರೆದುಬಿಡೋಣವಾ? ನಾನು ಹಾಗೆ ಮಾಡುವುದಿಲ್ಲ. ಫೈರ್‌ವಾಲ್‌ಗೆ ಅಡ್ರೆಸ್, ಪೋರ್ಟ್ ಗೊತ್ತು. ಯೂಸರ್, ಡೇಟಾಬೇಸ್ ಗೊತ್ತಿಲ್ಲ. ಇನ್ನೊಂದು ತಾಪತ್ರಯ, ಅದು ಬೇಡದವರನ್ನು ಸಾಮಾನ್ಯವಾಗಿ ಸದ್ದಿಲ್ಲದೆ ಬೀಳಿಸುತ್ತದೆ. ಕ್ಲೈಂಟ್ ಕಡೆ ಏನಾಗುತ್ತದೆ? ಪ್ರೋಗ್ರಾಮ್ ತೆರೆಯುತ್ತದೆ, ಗಾಲಿ ಸುತ್ತುತ್ತದೆ, ಸುತ್ತುತ್ತಲೇ ಇರುತ್ತದೆ, ಕೊನೆಗೆ ಟೈಮ್ಔಟ್. ನೆಟ್ ಹೋಗಿದೆಯೋ, ಸರ್ವರ್ ಬಿದ್ದಿದೆಯೋ, ತಡೆದಿದ್ದಾರೋ ಏನೂ ತಿಳಿಯದು. ಪಿಜಿ ಎಚ್‌ಬಿಎ ಹಾಗಲ್ಲ. ‘ಈ ಅಡ್ರೆಸ್, ಈ ಯೂಸರ್, ಈ ಡೇಟಾಬೇಸ್, ಇದಕ್ಕೆ ಸಾಲು ಇಲ್ಲ’ ಅಂತ ಬಾಯಿಬಿಟ್ಟು ಹೇಳುತ್ತದೆ, ಲಾಗಿನಲ್ಲೂ ಬರೆದಿಡುತ್ತದೆ.

ಹಾಗಾಗಿ ನನ್ನ ಲೆಕ್ಕ ಹೀಗೆ: ಫೈರ್‌ವಾಲಿನಲ್ಲಿ ದಪ್ಪ ಜರಡಿ, ಎಚ್‌ಬಿಎಯಲ್ಲಿ ಸಣ್ಣ ಜರಡಿ. ಆಫೀಸಿನ ನೆಟ್‌ವರ್ಕ್ ಪೂರ್ತಿ 5432ಕ್ಕೆ ಬರಬಹುದು, ಹೊರಗಿನ ಪ್ರಪಂಚ ಬರುವ ಹಾಗಿಲ್ಲ ಅಂತ ಫೈರ್‌ವಾಲಿನಲ್ಲಿ ಎರಡೇ ಸಾಲು. ಒಳಗಿನವರಲ್ಲಿ ಯಾವ ಮಷಿನ್, ಯಾವ ಯೂಸರ್ ಎಂಬುದು ಎಚ್‌ಬಿಎಗೆ. ಎರಡು ಕಡೆ ಅದೇ ಏಳು ಅಡ್ರೆಸ್ ಬರೆದರೆ, ಆರು ತಿಂಗಳಲ್ಲಿ ಎರಡು ಪಟ್ಟಿ ಎರಡು ದಿಕ್ಕು ಹಿಡಿದಿರುತ್ತವೆ.

ಕ್ಲೌಡಿನಲ್ಲಿ ಸೆಕ್ಯೂರಿಟಿ ಗ್ರೂಪ್ ಅಂತ ಇರುವುದೂ ಫೈರ್‌ವಾಲೇ, ಆದರೆ ಒಂದು ಜಾಣತನ ಜಾಸ್ತಿ. ಅಮೆಜಾನ್‌ನಲ್ಲಿ ಐಪಿ ಬರೆಯುವ ಬದಲು ‘ವೆಬ್ ಸರ್ವರ್‌ಗಳ ಗ್ರೂಪ್‌ನಲ್ಲಿರುವವರು ಬರಲಿ’ ಅಂತ ಬರೆಯಬಹುದು. ನಾಳೆ ಸರ್ವರ್ ಎರಡರಿಂದ ಹತ್ತಾದರೂ ಪಟ್ಟಿ ಮುಟ್ಟಬೇಕಿಲ್ಲ. ಡೇಟಾಬೇಸೂ ಅಪ್ಲಿಕೇಶನ್ನೂ ಎರಡೂ ಅಲ್ಲೇ ಇದ್ದರೆ ಬೇರೆ ಏನೂ ಯೋಚಿಸಬೇಡಿ, ಇದನ್ನೇ ಹಿಡಿಯಿರಿ.

ಡಾಕರ್ ಇಟ್ಟ ಗುನ್ನ

ಇದನ್ನು ಬೇರೆಯಾಗಿ ಹೇಳಲೇಬೇಕು, ಯಾಕೆಂದರೆ ನಾನೇ ಬಿದ್ದಿದ್ದೇನೆ. ಉಬುಂಟು ಮಷಿನ್. ಯುಎಫ್‌ಡಬ್ಲ್ಯೂ ಫೈರ್‌ವಾಲ್ ಹಾಕಿದ್ದೆ, 5432 ಬಂದ್. ಸ್ಟೇಟಸ್ ನೋಡಿದರೆ ಎಲ್ಲ ಅಚ್ಚುಕಟ್ಟು. ಪೋಸ್ಟ್‌ಗ್ರೆಸ್ ಮಾತ್ರ ಡಾಕರ್ ಕಂಟೇನರಿನಲ್ಲಿತ್ತು (ಪ್ರೋಗ್ರಾಮನ್ನು ಪ್ರತ್ಯೇಕ ಡಬ್ಬಿಯಲ್ಲಿಟ್ಟು ಓಡಿಸುವ ವ್ಯವಸ್ಥೆ), ಪೋರ್ಟ್ 5432:5432 ಅಂತ ಹೊರಗೆ ತೆರೆದಿದ್ದೆ. ಮನೆಗೆ ಹೋಗಿ, ಸುಮ್ನೆ ಒಂದು ಸಲ ನೋಡೋಣ ಅಂತ ಮೊಬೈಲ್ ಹಾಟ್‌ಸ್ಪಾಟಿನಿಂದ ಕನೆಕ್ಟ್ ಮಾಡಿದೆ. ಪಾಸ್‌ವರ್ಡ್ ಕೇಳಿತು!

ಡಾಕರ್ ಪೋರ್ಟ್ ತೆರೆಯುವಾಗ ಲಿನಕ್ಸ್ ಕರ್ನಲ್‌ನ ಫೈರ್‌ವಾಲ್ ಪಟ್ಟಿಯಾದ ಐಪಿಟೇಬಲ್ಸ್‌ನಲ್ಲಿ ತನ್ನದೇ ನಿಯಮ ಬರೆಯುತ್ತದೆ. ಪ್ಯಾಕೆಟ್ ಯುಎಫ್‌ಡಬ್ಲ್ಯೂ ಕಾಯುವ ದಾರಿಗೆ ಬರುವ ಮೊದಲೇ ಪಕ್ಕದ ದಾರಿಯಲ್ಲಿ ಕಂಟೇನರಿಗೆ ಹೋಗಿಬಿಡುತ್ತದೆ. ಯುಎಫ್‌ಡಬ್ಲ್ಯೂ ತಪ್ಪು ಹೇಳುತ್ತಿಲ್ಲ, ಅದಕ್ಕೆ ಆ ಪ್ಯಾಕೆಟ್ ಸಿಕ್ಕೇ ಇಲ್ಲ. ಮದ್ದು ಸಣ್ಣದು: ಪೋರ್ಟ್ ಮುಂದೆ 127.0.0.1 ಸೇರಿಸಿ ಬರೆಯಿರಿ. ಬೇರೆ ಮಷಿನ್‌ಗಳಿಗೂ ಬೇಕೆಂದರೆ ‘ಡಾಕರ್ ಯೂಸರ್’ ಎಂಬ ಚೈನ್‌ನಲ್ಲಿ ನಿಯಮ ಹಾಕಿ. ಏನೇ ಮಾಡಿದರೂ ಕೊನೆಗೆ ಹೊರಗಿನ ನೆಟ್‌ವರ್ಕಿನಿಂದ ಒಮ್ಮೆ ಬಡಿದು ನೋಡಿ. ಅದೇ ಮಷಿನ್‌ನಲ್ಲಿ ಕೂತು ಮಾಡುವ ಪರೀಕ್ಷೆ ಪರೀಕ್ಷೆಯಲ್ಲ.

ಅಲೆದಾಡುವ ಲ್ಯಾಪ್‌ಟಾಪ್‌ಗೆ ಏನು ಮಾಡೋಣ?

ನಾಲ್ಕು ಬಿಲ್ಲಿಂಗ್ ಮಷಿನ್‌ಗಳ ಕೆಲಸ ಸುಲಭ. ರೂಟರಿನಲ್ಲಿ ಅವುಗಳಿಗೆ ಅಡ್ರೆಸ್ ಕಾಯ್ದಿರಿಸಿದೆ, ಎಚ್‌ಬಿಎಯಲ್ಲಿ ನಾಲ್ಕು ಸಾಲು. ಕಾಯ್ದಿರಿಸದಿದ್ದರೆ ಕರೆಂಟ್ ಹೋಗಿ ಬಂದ ಬೆಳಗ್ಗೆ ಕೌಂಟರ್1ರ ಅಡ್ರೆಸ್ ಯಾರದೋ ಫೋನಿಗೆ ಸಿಕ್ಕಿರುತ್ತದೆ.

ಮೇಡಂ ಮತ್ತು ಹುಡುಗನ ಲ್ಯಾಪ್‌ಟಾಪ್ ಕತೆ ಹಾಗಲ್ಲ. ಮನೆಯ ಬ್ರಾಡ್‌ಬ್ಯಾಂಡ್ ಐಪಿ ಆಗಾಗ ಬದಲಾಗುತ್ತದೆ. ಮೊಬೈಲ್ ನೆಟ್ಟಿನಲ್ಲಿ ಒಂದೇ ಹೊರಗಿನ ಐಪಿಯನ್ನು ಎಷ್ಟೋ ಜನ ಹಂಚಿಕೊಂಡಿರುತ್ತಾರೆ. ಆ ಐಪಿಗೆ ಒಪ್ಪಿಗೆ ಕೊಟ್ಟರೆ ಬಸ್ಸಿನಲ್ಲಿ ಪಕ್ಕ ಕೂತವರಿಗೂ ಕೊಟ್ಟಂತೆ. ‘ಇವತ್ತಿನ ನನ್ನ ಐಪಿ’ ಅಂತ ಸೇರಿಸುತ್ತ ಹೋದ ಪಟ್ಟಿಗಳನ್ನು ನೋಡಿದ್ದೇನೆ: ಮೂವತ್ತು ಸಾಲು, ಅದರಲ್ಲಿ ಇಪ್ಪತ್ತೊಂಬತ್ತು ಈಗ ಬೇರೆ ಯಾರದೋ ಮನೆಯವು.

ಐಪಿ ಅಂದರೆ ಜಾಗ, ಆಸಾಮಿ ಅಲ್ಲ. ಜಾಗ ಬದಲಾಗದವರಿಗೆ ಮಾತ್ರ ಆ ಲೆಕ್ಕ ನಡೆಯುತ್ತದೆ. ಉಳಿದವರಿಗೆ ಮೂರು ದಾರಿ.

ಎಸ್‌ಎಸ್‌ಎಚ್ ಟನಲ್. ದೂರದ ಸರ್ವರಿಗೆ ಸುರಕ್ಷಿತವಾಗಿ ಲಾಗಿನ್ ಆಗುವ ಎಸ್‌ಎಸ್‌ಎಚ್ ಮೂಲಕ ತೋಡುವ ಸುರಂಗ. ಸರ್ವರಿನಲ್ಲಿ ಹೊಸದಾಗಿ ಏನೂ ಹಾಕಬೇಕಿಲ್ಲ. ಲ್ಯಾಪ್‌ಟಾಪಿನ 5433 ಪೋರ್ಟಿಗೆ ಮಾತಾಡಿದರೆ ಅದು ಸುರಂಗದಲ್ಲಿ ಹೋಗಿ ಸರ್ವರಿನ 5432ಕ್ಕೆ ಮುಟ್ಟುತ್ತದೆ. ಡೆವಲಪರ್‌ಗಳಿಗೆ ಇದು ಹೇಳಿ ಮಾಡಿಸಿದ್ದು, ಡಿಬೀವರ್‌ನಂಥ ಟೂಲುಗಳಲ್ಲಿ ಇದಕ್ಕೇ ಒಂದು ಟ್ಯಾಬ್ ಇದೆ. ಆದರೆ ಮೇಡಂಗೆ ಇದನ್ನು ಹಾಕಿಕೊಟ್ಟು ನಾನು ಪೆಟ್ಟು ತಿಂದೆ. ‘ಸರ್, ಒಂದು ಕಪ್ಪು ಕಿಟಕಿ ಬಂದಿತ್ತು, ವೈರಸ್ ಇರಬೇಕು ಅಂತ ಮುಚ್ಚಿದೆ. ಆಮೇಲಿಂದ ಏನೂ ಬರ್ತಿಲ್ಲ.’ ಅವರ ತಪ್ಪೇನೂ ಇಲ್ಲ, ಅಲ್ವಾ?

ಟನಲ್‌ಗೆ ಇನ್ನೊಂದು ಮಗ್ಗುಲಿದೆ. ಸುರಂಗದಿಂದ ಬಂದವರೆಲ್ಲ ಡೇಟಾಬೇಸಿನ ಕಣ್ಣಿಗೆ 127.0.0.1ರಿಂದ ಬಂದವರು, ಅಂದರೆ ಮನೆಯವರು. ಎಚ್‌ಬಿಎಯಲ್ಲಿ ಲೋಕಲ್‌ಹೋಸ್ಟ್ ಸಾಲಿಗೆ ‘ಟ್ರಸ್ಟ್’ ಅಂತಿದ್ದರೆ ಅವರಿಗೆ ಪಾಸ್‌ವರ್ಡೂ ಬೇಡ. ಟನಲ್ ಕೊಡುವ ಮೊದಲು ಆ ಸಾಲನ್ನು ಸ್ಕ್ರಾಮ್‌ಗೆ ಬದಲಿಸಿ. ಜೊತೆಗೆ ಎಸ್‌ಎಸ್‌ಎಚ್ ಕೀ ಫೈಲಿನಲ್ಲಿ ‘ಪರ್ಮಿಟ್ ಓಪನ್’ ಹಾಕಿ, ಆ ಕೀ 5432 ಬಿಟ್ಟು ಬೇರೆಡೆ ಸುರಂಗ ತೋಡದ ಹಾಗೆ ಮಾಡಿ.

ವೈರ್‌ಗಾರ್ಡ್. 2020ರಿಂದ ಲಿನಕ್ಸ್ ಕರ್ನಲ್‌ನ ಭಾಗವೇ ಆಗಿರುವ ವಿಪಿಎನ್, ಅಂದರೆ ಇಂಟರ್‌ನೆಟ್ ಮೇಲೆ ಕಟ್ಟಿದ ಖಾಸಗಿ ನೆಟ್‌ವರ್ಕ್. ನನಗೆ ಇದು ಇಷ್ಟವಾಗಲು ವೇಗ ಕಾರಣ ಅಲ್ಲ. ವೈರ್‌ಗಾರ್ಡ್‌ನಲ್ಲಿ ಪ್ರತಿ ಮಷಿನ್‌ಗೂ ಒಂದು ಕೀ. ಈ ಕೀ ಇರುವವರು ಈ ಒಳಗಿನ ಅಡ್ರೆಸ್‌ನಿಂದ ಮಾತ್ರ ಮಾತಾಡಬಹುದು ಅಂತ ಸರ್ವರಿನಲ್ಲಿ ಬರೆದಿರುತ್ತದೆ. ಮೇಡಂ ಕೀಗೆ 10.8.0.2. ಬೇರೆ ಕೀಯಿಂದ ಯಾರಾದರೂ ನಾನೇ 10.8.0.2 ಅಂತ ಬಂದರೆ ಪ್ಯಾಕೆಟ್ ಅಲ್ಲೇ ಬೀಳುತ್ತದೆ. ಅಂದರೆ ಇಲ್ಲಿ ಐಪಿ ಬರೀ ಜಾಗವಲ್ಲ, ಆ ಮಷಿನ್ ಯಾವುದು ಅಂತಲೇ ಹೇಳುತ್ತದೆ. ಅದೇ ಹಳೆಯ ಎಚ್‌ಬಿಎ ಫೈಲಿನಲ್ಲಿ 10.8.0.2/32 ಅಂತ ಬರೆದರೆ ಆ ಸಾಲಿಗೆ ಮೊದಲಿಗಿಂತ ಜಾಸ್ತಿ ತೂಕ. ಆಫೀಸಿನ ಒಳಗಿನ ನೆಟ್‌ವರ್ಕಿನಲ್ಲೂ ಇಷ್ಟು ಖಾತರಿ ಇಲ್ಲ. ಕೌಂಟರ್1 ಆಫ್ ಆಗಿರುವಾಗ ಬೇರೆ ಯಾರಾದರೂ ಅದೇ ಅಡ್ರೆಸ್ಸನ್ನು ಕೈಯಾರೆ ಹಾಕಿಕೊಂಡು ಕೂರಬಹುದು. ಪಾಸ್‌ವರ್ಡ್ ಬಿಡುವ ಹಾಗಿಲ್ಲ ಅನ್ನುವುದು ಅದಕ್ಕೇ.

ಹೊರಗಿನವರಿಗೆ ತೆರೆದಿರಬೇಕಾದ್ದು ಒಂದೇ ಯುಡಿಪಿ ಪೋರ್ಟ್, ಸಾಮಾನ್ಯವಾಗಿ 51820. ಕೀ ಇಲ್ಲದವರು ಬಡಿದರೆ ವೈರ್‌ಗಾರ್ಡ್ ಉತ್ತರವನ್ನೇ ಕೊಡುವುದಿಲ್ಲ. ಬಾಟ್‌ಗಳಿಗೆ ಅಲ್ಲಿ ಬಾಗಿಲಿದೆ ಅಂತಲೇ ಗೊತ್ತಾಗದು. ಲ್ಯಾಪ್‌ಟಾಪ್ ಕಳೆದುಹೋದರೆ ಆ ಒಂದು ಕೀ ಅಳಿಸಿದರೆ ಮುಗಿಯಿತು.

ಮೂರನೆಯದು ಕ್ಲೈಂಟ್ ಸರ್ಟಿಫಿಕೇಟ್, ಬರುವ ಮಷಿನ್ ತೋರಿಸಬೇಕಾದ ಡಿಜಿಟಲ್ ಗುರುತಿನ ಚೀಟಿ. ಎಚ್‌ಬಿಎಯಲ್ಲಿ ‘ಹೋಸ್ಟ್’ ಬದಲು ‘ಹೋಸ್ಟ್ ಎಸ್‌ಎಸ್‌ಎಲ್’, ಪರೀಕ್ಷೆಯ ಜಾಗದಲ್ಲಿ ‘ಸರ್ಟ್’. ಭದ್ರತೆ ಲೆಕ್ಕದಲ್ಲಿ ಎತ್ತರದ್ದು. ಆದರೆ ಸರ್ಟಿಫಿಕೇಟ್ ಮಾಡಬೇಕು, ಹಂಚಬೇಕು, ಅವಧಿ ಮುಗಿಯುವ ಮುನ್ನ ಬದಲಿಸಬೇಕು. ಆ ತಾರೀಖು ನೋಡಿಕೊಳ್ಳಲು ಒಬ್ಬರು ಇದ್ದರೆ ಸರಿ. ಏಳು ಮಷಿನ್ ಆಫೀಸಿನಲ್ಲಿ ಅವರು ಇರುವುದಿಲ್ಲ. ಮಧ್ಯೆ ವಿಪಿಎನ್ ಹಾಕಲು ಒಪ್ಪದ ಬೇರೆ ಸಂಸ್ಥೆಯ ಸರ್ವರ್ ಬಂದು ಸೇರಬೇಕಾದಾಗ ಮಾತ್ರ ನಾನು ಇದಕ್ಕೆ ಕೈ ಹಾಕುತ್ತೇನೆ.

ಅಂದಹಾಗೆ ಪಿಜಿಬೌನ್ಸರ್‌ನಂಥ ಪೂಲರ್ (ಹಲವರ ಕನೆಕ್ಷನ್‌ಗಳನ್ನು ಒಟ್ಟು ಮಾಡಿ ಡೇಟಾಬೇಸಿಗೆ ಕೊಡುವ ಪ್ರೋಗ್ರಾಮ್) ಮಧ್ಯದಲ್ಲಿದ್ದರೆ ಡೇಟಾಬೇಸಿಗೆ ಕಾಣುವುದು ಪೂಲರಿನ ಐಪಿ ಒಂದೇ. ಆಗ ಪಟ್ಟಿಯನ್ನು ಪೂಲರಿನಲ್ಲೇ ಇಡಬೇಕು. ಅದಕ್ಕೂ ತನ್ನದೇ ಎಚ್‌ಬಿಎ ಫೈಲ್ ಇದೆ, ಬರೆಯುವ ರೀತಿ ಹೆಚ್ಚುಕಡಿಮೆ ಇದೇ.

ಕೊನೆಗೆ ಆ ಆಫೀಸಿನಲ್ಲಿ ಮಾಡಿದ್ದು

ರೂಟರಿನ 5432 ದಾರಿಯನ್ನು ಅಳಿಸಿದೆ. ವೆಬ್ ಸರ್ವರ್, ಮೇಡಂ, ಹುಡುಗ ಮೂವರಿಗೂ ವೈರ್‌ಗಾರ್ಡ್. ವೆಬ್ ಸರ್ವರಿನ ಐಪಿ ಬದಲಾಗುವುದಿಲ್ಲ, ಅದಕ್ಕೆ ಫೈರ್‌ವಾಲಿನಲ್ಲಿ ಒಂದು ಸಾಲು ಸಾಕಿತ್ತು. ಆದರೆ ಇಬ್ಬರಿಗೆ ಹಾಕುವಾಗ ಮೂರನೆಯದೇನು ಭಾರವಲ್ಲ, 5432 ಹೊರಗೆ ಕಾಣುವುದೇ ತಪ್ಪುತ್ತದೆ. ಸರ್ವರಿನ ಫೈರ್‌ವಾಲಿನಲ್ಲಿ ಆಫೀಸ್ ನೆಟ್‌ವರ್ಕ್ ಮತ್ತು ವೈರ್‌ಗಾರ್ಡ್ ನೆಟ್‌ವರ್ಕ್ ಎರಡಕ್ಕೇ ಒಪ್ಪಿಗೆ. ಎಚ್‌ಬಿಎಯಲ್ಲಿ ಏಳು ಸಾಲು, ಏಳಕ್ಕೂ ಕೊನೆಯಲ್ಲಿ 32.

ಹೊಸ ಪಟ್ಟಿ ಹಾಕುವ ಮೊದಲು ಒಂದು ವಾರ ‘ಲಾಗ್ ಕನೆಕ್ಷನ್ಸ್’ ಆನ್ ಮಾಡಿ, ಒಳಗಿನಿಂದ ಯಾರ್ಯಾರು ಬರುತ್ತಾರೆ ಅಂತ ನೋಡಿದ್ದೆ. ಆಮೇಲೆ ರಿಲೋಡ್, ಅಂದರೆ ಫೈಲನ್ನು ಮತ್ತೆ ಓದಿಸುವುದು. ಎಚ್‌ಬಿಎಗೆ ರೀಸ್ಟಾರ್ಟ್ ಬೇಡ. ಆದರೆ ಆಗಲೇ ಒಳಗಿರುವವರನ್ನು ಅದು ಹೊರಗೆ ಹಾಕುವುದಿಲ್ಲ, ಹಳೆಯ ಕನೆಕ್ಷನ್‌ಗಳನ್ನು ನಾವೇ ಕಡಿಯಬೇಕು. ರಿಲೋಡ್‌ಗೆ ಮುಂಚೆ ‘ಪಿಜಿ ಎಚ್‌ಬಿಎ ಫೈಲ್ ರೂಲ್ಸ್’ ಎಂಬ ವ್ಯೂ ನೋಡಿದರೆ ಯಾವ ಸಾಲಿನಲ್ಲಿ ತಪ್ಪಿದೆ ಅಂತ ಅದೇ ತೋರಿಸುತ್ತದೆ. ಪೋಸ್ಟ್‌ಗ್ರೆಸ್ 10ರಿಂದ ಈ ಅನುಕೂಲ ಇದೆ.

ಪಾಸ್‌ವರ್ಡ್ ತಪ್ಪು ಎಂಬ ಸಾಲುಗಳು ಅವತ್ತೇ ನಿಂತವು. ಎರಡು ವಾರ ಫೋನ್ ಬರಲಿಲ್ಲ.

ತಿಂಗಳ ಕೊನೆಯ ದಿನ ಸಂಜೆ ಬಂತು. ಸ್ಟಾಕ್ ರಿಪೋರ್ಟ್ ಬರುತ್ತಿಲ್ಲ ಅಂದರು. ಯಾವ ಮಷಿನ್ ಅಂತ ಕೇಳಿದರೆ ‘ಅದೇ ಸರ್, ಗೋಡೌನ್‌ದು’ ಅಂದರು. ಗೋಡೌನಿನಲ್ಲಿ ಕಂಪ್ಯೂಟರ್ ಇರುವುದನ್ನು ಅಲ್ಲಿಯವರೆಗೆ ಯಾರೂ ಹೇಳಿರಲಿಲ್ಲ. ತಿಂಗಳಿಗೆ ಒಂದೇ ದಿನ ಆನ್ ಮಾಡುತ್ತಾರಂತೆ. ನನ್ನ ಒಂದು ವಾರದ ಲಾಗಿನಲ್ಲಿ ಅದು ಸಿಗುವುದಾದರೂ ಹೇಗೆ? ಲಾಗ್ ತೆರೆದೆ: 192.168.1.57, ಯೂಸರ್ ಸ್ಟಾಕ್, ಡೇಟಾಬೇಸ್ ಅಂಗಡಿ, ಇದಕ್ಕೆ ಸಾಲು ಇಲ್ಲ. ಬೇಕಾದ್ದೆಲ್ಲ ಅಲ್ಲೇ ಇತ್ತು. ಫೋನ್ ಕಿವಿಯಲ್ಲಿ ಇಟ್ಟುಕೊಂಡೇ ಸಾಲು ಸೇರಿಸಿದೆ, ರಿಲೋಡ್ ಮಾಡಿದೆ. ‘ಹಾಂ ಸರ್, ಬಂತು ಬಂತು’ ಅಂದರು.